ಇನ್ನಾಸಪ್ಪನ ಹೆಸರಿನ ಚೀಟಿ

ದಾವಣಗೆರೆ
11 ಆಗಸ್ಟ್ 2003

ಜಸಿಂತಾಳಿಗೆ,

ಹೆದರಬೇಡ ಎಂದು ಮೊದಲ ಸಾಲು ಬರೆಯಲು ಹೊರಟೆ. ಆದರೆ ಹೆದರಿಕೊಂಡು ಕೂತಿರುವವನು ನಾನು, ನಿನಗೆ ಧೈರ್ಯ ಹೇಳುವ ಯೋಗ್ಯತೆ ನನಗೆಲ್ಲಿಂದ ಬರಬೇಕು? ನಾನು ಇನ್ನಾಸಪ್ಪ, ನಿನ್ನ ಅಪ್ಪ. ಸತ್ತಿಲ್ಲ. ದಾವಣಗೆರೆಯಲ್ಲಿದ್ದೇನೆ.

ಹೋದ ತಿಂಗಳು ಇಲ್ಲಿ ನಮ್ಮವರದೊಂದು ಮದುವೆ ಇತ್ತು. ಊಟಕ್ಕೆ ನನ್ನ ಎದುರು ಕೂತವನು ನಿಮ್ಮ ಕಡೆಯ ಎಲೆಕ್ಟ್ರಿಷಿಯನ್ ಚೌರಪ್ಪ, ಕುರುಬರಹಳ್ಳಿಯವನು. ನನ್ನ ಸೀಳಿದ ಹುಬ್ಬನ್ನೇ ನೋಡುತ್ತಿದ್ದ. ಹೆಸರು ಕೇಳಿದ, ಹೇಳಿದೆ. ಹೆಂಡತಿ ಲೂರ್ದಮ್ಮನಾ ಎಂದ, ಹೌದು ಎಂದೆ. ಅವನು ತುತ್ತನ್ನು ಎಲೆಗೆ ಹಾಕಿ ಶಿಲುಬೆ ಗುರುತು ಮಾಡಿಕೊಂಡ. "ನಿಮ್ ಫೋಟೋ ಮೇಲಿರೋ ಕೆಂಪು ಬಲ್ಬು ಹಾಕಿದ್ದು ನಾನೇ ಸಾರ್," ಅಂದ.

ಆಮೇಲೆ ಒಂದೊಂದಾಗಿ ಹೇಳಿದ. ನಾನು ಹೊಸಪೇಟೆಯಲ್ಲಿ ಲಾರಿ ಕೆಳಗೆ ಸಿಕ್ಕಿ ಸತ್ತೆನಂತೆ. ಪ್ರತಿವರ್ಷ ನವೆಂಬರ್ ಎರಡರಂದು, ಸತ್ತವರ ಹೆಸರಿನ ಚೀಟಿಗಳನ್ನು ಪೆಟ್ಟಿಗೆಗೆ ಹಾಕಿ ಪೂಜೆಯಲ್ಲಿ ಓದಿಸುತ್ತಾರಲ್ಲ, ಅದರಲ್ಲಿ ನನ್ನ ಹೆಸರೂ ಇರುತ್ತದಂತೆ. ಸ್ವರ್ಗಕ್ಕೆ ಮೊದಲು ಪಾಪ ಸುಡುವ ಶುದ್ಧೀಕರಣ ಸ್ಥಳದ ಬೆಂಕಿಯಿಂದ ನನ್ನ ಆತ್ಮ ಬೇಗ ಬಿಡುಗಡೆ ಹೊಂದಲಿ ಎಂದು ಇಡೀ ದೇವಾಲಯವೇ ಮೊಣಕಾಲೂರುತ್ತದಂತೆ. ಹದಿನೆಂಟು ವರ್ಷದಿಂದ!

ನಗಬೇಕು ಅನ್ನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಮಿಲ್ಲಿನ ಯಂತ್ರಕ್ಕೆ ನನ್ನ ಬೆರಳು ಹೋದದ್ದು ತೊಂಬತ್ತಮೂರರ ನವೆಂಬರಿನಲ್ಲಿ. ಶ್ವಾಸಕೋಶ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದು ತೊಂಬತ್ತೆಂಟರ ನವೆಂಬರಿನಲ್ಲಿ. ಹೋದ ನವೆಂಬರಿನಲ್ಲಿ ಹಾಸಿಗೆ ಹಿಡಿದವನು ಏಳುವುದೇ ಇಲ್ಲ ಎಂದುಕೊಂಡಿದ್ದರು. ಇನ್ನು ನಗು ಎಲ್ಲಿಂದ ಬರಬೇಕು?

ಒಂದೇ ಬೇಡಿಕೆ. ಈ ಸಲ ನನ್ನ ಹೆಸರು ಓದಿಸಬೇಡಿ. ನೀನು ಬಸವೇಶ್ವರನಗರದ ಶಾಲೆಯಲ್ಲಿ ಟೀಚರ್ ಎಂದು ಚೌರಪ್ಪ ಹೇಳಿದ. ಮನೆಗೆ ಬರೆದರೆ ನಿನ್ನ ಅಮ್ಮನ ಕೈಗೆ ಸಿಗುತ್ತದೆಂದು ಶಾಲೆಗೆ ಬರೆಯುತ್ತಿದ್ದೇನೆ. ಅವನ ಬಾಯಿ ಕಟ್ಟಿದ್ದೇನೆ, ಹೆದರಬೇಡ.

ಇನ್ನೂ ಉಸಿರಾಡುತ್ತಿರುವ
ಇನ್ನಾಸಪ್ಪ


ಬೆಂಗಳೂರು
20 ಆಗಸ್ಟ್ 2003

ಇನ್ನಾಸಪ್ಪ ಎಂದು ಸಹಿ ಹಾಕಿದವರಿಗೆ,

ನೀವು ಯಾರು, ನನಗೆ ಗೊತ್ತಿಲ್ಲ. ನನ್ನ ತಂದೆ ತೀರಿಕೊಂಡಾಗ ನನಗೆ ಆರು ವರ್ಷ. ಸತ್ತವರ ಹೆಸರಿನಲ್ಲಿ ಹೀಗೆ ಆಟವಾಡಬೇಡಿ.

ನಿಮ್ಮ ಕಾಗದ ಸ್ಟಾಫ್ ರೂಮಿನಲ್ಲಿ ಕೈಗೆ ಬಂತು. ಓದಿದ ಮೇಲೆ ಎಲ್‌ಕೆಜಿ ಮಕ್ಕಳ ಮುಂದೆ ನಿಂತು ಅರ್ಧ ಗಂಟೆ ಏನು ಪಾಠ ಮಾಡಿದೆನೋ ತಿಳಿಯದು. ಸಂಜೆ ಗೋವಿಂದರಾಜನಗರದ ನಮ್ಮ ಮನೆಯ ಬಾಗಿಲು ತೆಗೆದರೆ ಎದುರಿಗೇ ಆ ಫೋಟೋ, ಕೆಂಪು ಬಲ್ಬು. ಒಳಗೆ ಕಾಲಿಡಲು ಆಗಲಿಲ್ಲ. "ಯಾಕೇ, ಹೊಸ್ತಿಲಲ್ಲೇ ನಿಂತೆ?" ಎಂದಳು ಅಮ್ಮ. ತಲೆನೋವು ಎಂದೆ.

ದಿನವೂ ಏಳು ಗಂಟೆಗೆ ಊಟಕ್ಕೆ ಮೊದಲು ನಾವಿಬ್ಬರೂ ಆ ಫೋಟೋದ ಮುಂದೆ ಹೇಳುವ ಪ್ರಾರ್ಥನೆ ಇದು: "ಕರ್ತರೇ, ಇನ್ನಾಸಪ್ಪನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಕೊಡಿ, ನಿತ್ಯ ಬೆಳಕು ಅವರ ಮೇಲೆ ಬೆಳಗಲಿ." ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಆವತ್ತು ಮೊದಲ ಸಲ ನನ್ನ ನಾಲಿಗೆ ಏಳಲಿಲ್ಲ.

ನೀವು ಸುಳ್ಳುಗಾರರಾದರೆ ಸುಮ್ಮನಾಗಿ. ನಿಜವಾಗಿ ಅವರೇ ಆಗಿದ್ದರೆ, ಅಮ್ಮನಿಗೂ ತಿಳಿಯದ, ನನಗೂ ಅವರಿಗೂ ಮಾತ್ರ ಗೊತ್ತಿರುವ ಒಂದು ಮಾತು ಬರೆಯಿರಿ. ಮನೆಗೆ ಮಾತ್ರ ಬರೆಯಬೇಡಿ.

ಜಸಿಂತಾ


ದಾವಣಗೆರೆ
28 ಆಗಸ್ಟ್ 2003

ಜಸಿಂತಾ,

ನಾಲ್ಕು ವರ್ಷದವಳಿದ್ದಾಗ ನೀನು ಸಂತ ಅಂತೋಣಿಯವರ ಪದಕ ನುಂಗಿದ್ದೆ. ನನ್ನ ಜಪಮಾಲೆಯಿಂದ ಬಿಚ್ಚಿಕೊಂಡಿತ್ತು. ನಿನ್ನ ಅಮ್ಮ ಹೆರಿಗೆ ನೋಡಲು ತಂಗಿಯ ಊರಿಗೆ ಹೋಗಿದ್ದಳು. ಅವಳಿಗೆ ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಾಳೆಂದು ಹೆದರಿ, ಮೂರು ದಿನ ನಿನಗೆ ಬರೀ ಬಾಳೆಹಣ್ಣು ತಿನ್ನಿಸಿ, ಕಡ್ಡಿ ಹಿಡಿದು ನಿನ್ನ ಹಿಂದೆ ಹಿತ್ತಲಲ್ಲಿ ಅಲೆದೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ತಾನೇ ಕಳೆದುಹೋಗಿ, ಎಲ್ಲಿ ಸಿಕ್ಕಿದ ಎಂದು ಬರೆಯುವುದು ಬೇಡ. "ಅಮ್ಮಂಗೆ ಹೇಳಲ್ಲ" ಎಂದು ನೀನು ಕೈ ಮೇಲೆ ಕೈ ಇಟ್ಟಿದ್ದೆ.

ಆ ಪದಕ ಈಗ ನನ್ನ ಕೊರಳಲ್ಲಿದೆ. ಮನೆ ಬಿಡುವಾಗ ತಂದದ್ದು ಅದೊಂದೇ.

ಯಾಕೆ ಬಿಟ್ಟೆ ಎಂದು ಕೇಳುತ್ತೀಯ. ಇಲ್ಲಿ ಮಿಲ್ಲಿನ ಕೆಲಸಕ್ಕೆ ಬಂದೆ, ಇನ್ನೊಬ್ಬಳ ಮನೆ ಸೇರಿದೆ. ಅವಳು ಸತ್ತು ಎರಡು ವರ್ಷವಾಯಿತು. ಇದಕ್ಕಿಂತ ಬಣ್ಣ ಕಟ್ಟಿ ಬರೆಯಲು ನನಗೆ ಬಾರದು. ಬರಬಾರದು ಕೂಡ.

ನವೆಂಬರ್ ಹತ್ತಿರ ಬರುತ್ತಿದೆ. ಉತ್ತರ ಬರಿ.

ಇನ್ನಾಸಪ್ಪ


ಬೆಂಗಳೂರು
21 ಸೆಪ್ಟೆಂಬರ್ 2003

ಇನ್ನಾಸಪ್ಪನವರಿಗೆ,

ಬರೆಯುವುದೋ ಬೇಡವೋ ಎಂದು ಮೂರು ವಾರ ಕಳೆದೆ.

ನೀವು ಬದುಕಿದ್ದೀರೆಂದು ನನಗೆ ಸಂತೋಷವಾಗಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ? ನನಗೆ ಏಳು ವರ್ಷವಾಗಿದ್ದಾಗ ಧರ್ಮೋಪದೇಶ ತರಗತಿಯಲ್ಲಿ ಶುದ್ಧೀಕರಣ ಸ್ಥಳದ ಚಿತ್ರ ತೋರಿಸಿದರು. ಬೆಂಕಿಯಲ್ಲಿ ನಿಂತು ಕೈ ಮೇಲೆತ್ತಿದ ಜನ. ಅವರಲ್ಲಿ ಹುಬ್ಬು ಸೀಳಿದವರನ್ನು ಹುಡುಕಿದೆ. ಮನೆಗೆ ಬಂದು ಮೇಣದ ಬತ್ತಿಯ ಮೇಲೆ ಬೆರಳಿಟ್ಟು, ನೀವು ಹೇಗೆ ತಡೆದುಕೊಳ್ಳುತ್ತೀರೆಂದು ನೋಡಿದೆ. ಬೊಬ್ಬೆ ಬಂತು. ನಾನು ತಿಂಡಿ ಬಿಟ್ಟರೆ ನಿಮಗೆ ಬೆಂಕಿಯಲ್ಲಿ ಒಂದು ದಿನ ಕಡಿಮೆಯಾಗುತ್ತದೆಂದು ಬಿಡುತ್ತಿದ್ದೆ. ಆ ಹೊತ್ತಿಗೆ ನೀವು ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಿದ್ದಿರಬೇಕು.

ಅಮ್ಮನನ್ನು ಇನ್ನೂ ಏನೂ ಕೇಳಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಅವಳು ಯಾರು ಎಂದು ನಿಮಗೆ ತಿಳಿಯದು. ರಾಜಾಜಿನಗರದಿಂದ ಬ್ಯಾಡರಹಳ್ಳಿಯವರೆಗೆ ನಮ್ಮವರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಅಮ್ಮನಿಗೆ ಹೇಳಿ ಕಳಿಸುತ್ತಾರೆ. ಹೆಣದ ತಲೆಯ ಬಳಿ ಕೂತು ಜಪಮಾಲೆ ಹೇಳಿಸುವವಳು ಅವಳೇ. ಗಂಡ ಸತ್ತ ಹೆಂಗಸರು ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಾರೆ, "ನಿಮಗಾದ್ರೆ ಗೊತ್ತು ಲೂರ್ದಕ್ಕ" ಎನ್ನುತ್ತಾರೆ. ಈಗ ನಿಮ್ಮ ಹೆಸರು ಬಿಟ್ಟುಹೋದರೆ ಎಲ್ಲರೂ ಯಾಕೆ ಎಂದು ಕೇಳುತ್ತಾರೆ. ಅಮ್ಮನ ಮುಖಕ್ಕೆ ಏನು ಗತಿ?

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಫಾದರನ್ನು ಬೇರೆಯವರ ವಿಷಯ ಎನ್ನುವ ಹಾಗೆ ಕೇಳಿದೆ. "ಗೊತ್ತಿಲ್ದೆ ಬದುಕಿರೋರ ಹೆಸರಲ್ಲಿ ಸತ್ತೋರ ಪ್ರಾರ್ಥನೆ ಮಾಡಿದ್ರೆ ಅವರಿಗೇನಾದ್ರೂ ಆಗುತ್ತಾ ಫಾದರ್?" ಅವರು ನಕ್ಕರು. "ಪ್ರಾರ್ಥನೆ ಅಂದ್ರೆ ಮಾಟಾನೇನಮ್ಮ? ಹಾಗೆಲ್ಲ ಯಾರೂ ಸಾಯಲ್ಲ." ಅವರ ಮಾತು ನಂಬಿದೆ. ಗೇಟು ದಾಟುವುದರೊಳಗೆ ಮತ್ತೆ ಹೆದರಿಕೆ ಶುರುವಾಯಿತು. ಆ ಚೀಟಿಯನ್ನು ಅಮ್ಮ ಪ್ರತಿವರ್ಷ ಬರೆಸುವುದು ನನ್ನ ಕೈಯಿಂದಲೇ, ನನ್ನ ಅಕ್ಷರ ಚೆಂದ ಎಂದು.

ಜಸಿಂತಾ


ದಾವಣಗೆರೆ
30 ಸೆಪ್ಟೆಂಬರ್ 2003

ಮಗಳೇ,

ಬೆಣ್ಣೆದೋಸೆಯ ಸಾಲು ಓದಿ ನಗು ಬಂತು. ಕೆಮ್ಮು ಬಂತು. ಆಮೇಲೆ ಬಟ್ಟೆಯಲ್ಲಿ ರಕ್ತ ಬಂತು. ಪಕ್ಕದ ಮನೆಯ ಕೊಟ್ರಪ್ಪ ಓಡಿಬಂದ. ಮಿಲ್ಲಿನಲ್ಲಿ ನನ್ನ ಜೊತೆಗಿದ್ದವನು, ಈಗ ಗಂಜಿ ಕಾಯಿಸಿ ಕೊಡುವವನೂ ಅವನೇ. "ಏನ್ ಬರ್ದಾಳ ನಿಮ್ ಮಗಳು, ಹಿಂಗ ನಗಾಕ?" ಎಂದ.

ನಿನ್ನ ಬೆರಳಿನ ಬೊಬ್ಬೆಯ ವಿಷಯ ಅವನಿಗೆ ಹೇಳಲಿಲ್ಲ. ಯಾರಿಗೂ ಹೇಳಲಾರೆ. ಆ ಬೊಬ್ಬೆಗೆ ನಾನು ಏನು ಉತ್ತರ ಕೊಡಬೇಕೋ ಅದನ್ನು ಮೇಲೆ ಹೋದ ಮೇಲೆಯೇ ಕೊಡಬೇಕಾಗುತ್ತದೆ. ಅದಕ್ಕೇ ಈಗ ಸಾಯಲು ಭಯ.

ಫಾದರ್ ಹೇಳಿದ್ದು ಸರಿ ಇರಬಹುದು. ಅವರು ಓದಿದವರು. ಆದರೆ ಬದುಕಿರುವಾಗಲೇ ತನ್ನ ಹೆಸರಿನ ಮುಂದೆ "ಮೃತ" ಎಂದು ಸೇರಿಸಿ ಮುನ್ನೂರು ಜನ ಒಟ್ಟಿಗೆ ಹೇಳುವುದನ್ನು ಅವರು ಕೇಳಿಸಿಕೊಂಡಿಲ್ಲ. ನನಗೆ ಹಗಲಲ್ಲೂ ಕೇಳಿಸುತ್ತಿದೆ. ಒಂದೇ ಒಂದು ವರ್ಷ ಬಿಟ್ಟು ನೋಡು. ನಿನ್ನ ಅಮ್ಮನಿಗೆ ತಿಳಿಯದ ಹಾಗೆ ಬಿಡು. ಕಾಲು ಹಿಡಿಯುತ್ತೇನೆ ಎಂದು ಮಗಳಿಗೆ ಬರೆಯಬಾರದು. ಬರೆದಿದ್ದೇನೆ.

ದಸರಾ ರಜೆಯಲ್ಲಿ ಒಂದು ಸಲ ಬಂದು ಹೋಗುತ್ತೀಯಾ? ಬೇಡ, ಬಿಡು. ಬರಬೇಡ.

ಇನ್ನಾಸಪ್ಪ


ಬೆಂಗಳೂರು
14 ಅಕ್ಟೋಬರ್ 2003

ಇನ್ನಾಸಪ್ಪನವರಿಗೆ,

ರಜೆಯಲ್ಲಿ ಹೊರಟಿದ್ದೆ. ಶಾಲೆಯ ಕೆಲಸ ಎಂದು ಅಮ್ಮನಿಗೆ ಹೇಳಿ ಯಶವಂತಪುರ ಸ್ಟೇಷನ್ನಿಗೆ ಬಂದೆ. ಟಿಕೆಟ್ ತೆಗೆದುಕೊಂಡೆ. ರೈಲು ಬಂತು, ಜನ ಹತ್ತಿದರು, ನಾನು ಬೆಂಚಿನ ಮೇಲೆ ಕೂತೇ ಇದ್ದೆ. ನಿಮ್ಮನ್ನು ಕಣ್ಣಾರೆ ನೋಡಿದರೆ ಆಮೇಲೆ ಅಮ್ಮನ ಪಕ್ಕದಲ್ಲಿ ಮೊಣಕಾಲೂರುವುದು ಹೇಗೆ? ನೋಡದೆ ಇದ್ದರೆ ಇನ್ನೂ ಎಲ್ಲ ಸುಳ್ಳಿರಬಹುದು ಎಂದು ಅಂದುಕೊಳ್ಳಬಹುದಲ್ಲ. ರೈಲು ಹೋಯಿತು. ಬಸ್ಸು ಹಿಡಿದು ಮನೆಗೆ ಬಂದೆ. ನನಗೆ ಧೈರ್ಯ ಸಾಲದು.

ನೀವು ಕೇಳಿದ್ದನ್ನು ಮಾಡುತ್ತೇನೆ. ಚೀಟಿ ಬರೆಯುತ್ತೇನೆ, ಪೆಟ್ಟಿಗೆಗೆ ಹಾಕುವಾಗ ಖಾಲಿ ಕಾಗದ ಮಡಿಸಿ ಹಾಕುತ್ತೇನೆ. ಇದು ಪಾಪವೋ ಅಲ್ಲವೋ, ಕೇಳಲು ಹೋಗುವುದಿಲ್ಲ. ನಾಳೆ ನಿಮಗೇನಾದರೂ ಆದರೆ ಅದು ನನ್ನ ಅಕ್ಷರದಿಂದ ಆಯಿತು ಎಂಬ ಭಯ ನನಗೆ ಬೇಡ.

ಕ್ರಿಸ್ಮಸ್ ರಜೆಯಲ್ಲಿ ಖಂಡಿತ ಬರುತ್ತೇನೆ. ಅಷ್ಟರೊಳಗೆ ಅಮ್ಮನಿಗೂ ಹೇಳಿರುತ್ತೇನೆ. ಔಷಧಿ ತಪ್ಪಿಸಬೇಡಿ, ಅಪ್ಪ.

ಜಸಿಂತಾ


ದಾವಣಗೆರೆ
31 ಅಕ್ಟೋಬರ್ 2003

ಜಸಿಂತಾ ಟೀಚರ್ ಅವರಿಗೆ ಕೊಟ್ರಪ್ಪನ ಶರಣು.

ಮನಸ್ಸು ಗಟ್ಟಿ ಮಾಡಿಕೊಂಡು ಓದಿ ತಾಯಿ. ನಿಮ್ಮ ತಂದೆಯವರು ನಿನ್ನೆ ಗುರುವಾರ, ಮೂವತ್ತನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ ತೀರಿಕೊಂಡರು. ನಿಮ್ಮ ಫೋನ್ ನಂಬರ್ ಅವರ ಹತ್ತಿರ ಇರಲಿಲ್ಲ. ಶಾಲೆಯ ವಿಳಾಸ ಮಾತ್ರ ಇತ್ತು.

ನನ್ನದೊಂದು ತಪ್ಪಿದೆ, ಮೊದಲು ಅದನ್ನು ಹೇಳುತ್ತೇನೆ. ಸೋಮವಾರ ಅವರು ನನ್ನ ಕೈ ಹಿಡಿದು, "ಕೊಟ್ರಾ, ಮಗಳಿಗೆ ಒಂದು ಕಾರ್ಡ್ ಹಾಕು. ಹೆಸರು ಓದಿಸ್ಲಿ ಅಂತ ಬರಿ. ಬ್ಯಾಡ ಅಂದಿದ್ದು ತಪ್ಪಾತು. ಒಬ್ನೇ ಹೋಗಾಕ ಅಂಜಿಕಿ ಆಗಾಕತ್ತೈತಿ" ಎಂದರು. ಬರೆಯಲು ಕೂತೆ. ಬದುಕಿರುವ ಮನುಷ್ಯನ ಸಾವಿನ ಮಾತು ಬರೆದು ಟಪಾಲಿಗೆ ಹಾಕುವುದು ಅಪಶಕುನ ಎಂದು ನನ್ನ ಮನೆಯವಳು ತಡೆದಳು. ನನಗೂ ಹೆದರಿಕೆಯಾಯಿತು. ಇವತ್ತು ನಾಳೆ ಎಂದು ಮುಂದೆ ಹಾಕಿದೆ. ಅಷ್ಟರಲ್ಲಿ ಹೀಗಾಯಿತು. ಈ ಕಾಗದ ನಿಮಗೆ ಭಾನುವಾರದ ಒಳಗೆ ಸಿಗುತ್ತದೋ ಇಲ್ಲವೋ. ನಾಳೆ ರಾಜ್ಯೋತ್ಸವದ ರಜೆ ಬೇರೆ.

ಕೊನೆಯಲ್ಲಿ ನಿಮ್ಮ ಚರ್ಚಿನ ಸ್ವಾಮಿಗಳಿಗೆ ಹೇಳಿ ಕಳಿಸಿದ್ದೆವು, ಅವರು ಬರುವುದು ತಡವಾಯಿತು. ನಿಮ್ಮ ತಂದೆಯವರು ದಿಂಬಿನ ಕೆಳಗಿನಿಂದ ನಿಮ್ಮದೊಂದು ಕಾಗದ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಓದು ಎಂದು ಸನ್ನೆ ಮಾಡಿದರು. ನಿತ್ಯ ವಿಶ್ರಾಂತಿ, ನಿತ್ಯ ಬೆಳಕು ಎಂದಿತ್ತು. ನಾನು ವಿಭೂತಿ ಹಚ್ಚುವವನು, ನಿಮ್ಮ ಮಂತ್ರ ತಿಳಿಯದು. ನಾಲ್ಕೈದು ಸಲ ಓದಿದೆ. ಓದುತ್ತಿರುವಾಗಲೇ ಹೋದರು. ಮಾಡಬಾರದ್ದನ್ನು ಮಾಡಿದ್ದರೆ ಕ್ಷಮಿಸಿ.

ಆಮೇಲೆ ಸ್ವಾಮಿಗಳು ಬಂದು ಎಲ್ಲ ಕ್ರಮದಿಂದ ಮಾಡಿ, ಸಂಜೆಯೇ ಮಣ್ಣು ಮಾಡಿಸಿದರು. ಕೊರಳಿನ ಪದಕ ತೆಗೆಯಬೇಡ ಎಂದು ಮುಂಚೆಯೇ ಹೇಳಿದ್ದರು. ತೆಗೆಯಲಿಲ್ಲ.

ಕೊಟ್ರಪ್ಪ


ಬೆಂಗಳೂರು
9 ನವೆಂಬರ್ 2003

ಕೊಟ್ರಪ್ಪನವರಿಗೆ ಜಸಿಂತಾಳ ನಮಸ್ಕಾರ.

ನಿಮ್ಮ ಕಾಗದ ಮಂಗಳವಾರ, ನಾಲ್ಕನೇ ತಾರೀಖು ಸಿಕ್ಕಿತು. ಭಾನುವಾರ ಕಳೆದು ಎರಡು ದಿನವಾಗಿತ್ತು. ನೀವು ಕ್ಷಮೆ ಕೇಳಿದ್ದೀರಿ. ನಾನು ಏನು ಮಾಡಿದ್ದೆ ಎಂದು ತಿಳಿದರೆ ಹಾಗೆ ಕೇಳುತ್ತಿರಲಿಲ್ಲ.

ಭಾನುವಾರದ ಪೂಜೆಯಲ್ಲಿ ಹೆಸರುಗಳನ್ನು ಓದುತ್ತಾ ಹೋದರು. ಅಮ್ಮ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅಪ್ಪನ ಹೆಸರು ಬರಲಿಲ್ಲ. ನಾನು ಬರೆದ ಚೀಟಿ ನನ್ನ ಬ್ಯಾಗಿನಲ್ಲಿತ್ತು, ಪೆಟ್ಟಿಗೆಯಲ್ಲಿ ಖಾಲಿ ಕಾಗದವಿತ್ತು. ಪಟ್ಟಿ ಮುಗಿದಾಗ ಅಮ್ಮ ನನ್ನ ಕೈ ಹಿಡಿದಳು. ಆಮೇಲೆ ಎಲ್ಲರೂ ಸಮಾಧಿಗಳಿಗೆ ಹೂ ಹಾಕಲು ಹೋದೆವು. ನಮ್ಮದು ಎನ್ನುವ ಸಮಾಧಿ ಅಲ್ಲಿ ಇಲ್ಲವಾದ್ದರಿಂದ ನಾವು ಪ್ರತಿವರ್ಷ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಮೇಣದ ಬತ್ತಿ ಹಚ್ಚುತ್ತೇವೆ. ಈ ಸಲ ಅಮ್ಮ ಎಷ್ಟು ಕಡ್ಡಿ ಗೀರಿದರೂ ಬತ್ತಿ ಹೊತ್ತಲೇ ಇಲ್ಲ. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಇತ್ತ ನಾನು, ಅಪ್ಪ ಇನ್ನು ಚೇತರಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರು ಮಣ್ಣಾಗಿ ಮೂರು ದಿನವಾಗಿತ್ತು.

ಬದುಕಿದ್ದ ಹದಿನೆಂಟು ವರ್ಷ ಸತ್ತವರೆಂದು ಓದಿಸಿದೆವು. ನಿಜವಾಗಿ ಸತ್ತ ವರ್ಷ ನನ್ನ ಕೈಯಾರೆ ಹೆಸರು ತಪ್ಪಿಸಿದೆ. ಒಬ್ಬನೇ ಹೋಗಲು ಹೆದರಿಕೆ ಎಂದರಲ್ಲ, ಅವರನ್ನು ಒಬ್ಬರೇ ಹೋಗುವ ಹಾಗೆ ಮಾಡಿದ್ದು ನಾನು. ನಿಮ್ಮ ಕಾಗದ ಓದಿದಾಗ ಏಳು ವರ್ಷದವಳಿದ್ದಾಗ ನೋಡಿದ ಆ ಚಿತ್ರ ಕಣ್ಣ ಮುಂದೆ ಬಂತು.

ಮನೆಗೆ ಹೋಗಿ ಎಲ್ಲ ಕಾಗದಗಳನ್ನೂ ಅಮ್ಮನ ಮಡಿಲಿಗೆ ಹಾಕಿದೆ. ಚೀಟಿಯ ವಿಷಯವನ್ನೂ ಹೇಳಿದೆ. ಅವಳು ಕೊನೆಯವರೆಗೆ ಓದಿ, ಕನ್ನಡಕ ತೆಗೆದಳು.

"ನೀನಾ ತೆಗ್ದಿದ್ದು? ದೇವರೇ ತೆಗೆದ್ಬಿಟ್ಟ ಅಂದ್ಕೊಂಡಿದ್ದೆ ಕಣೇ. ನನ್ನ ಸುಳ್ಳು ಸಾಕಾಯ್ತು ಅವನಿಗೆ ಅಂತ."

"ಬದುಕಿದಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನನ್ನ ಎತ್ಕೊಂಡು ಈ ಊರಿಗೆ ಬಂದಾಗ ಚರ್ಚ್ ಬಾಗಿಲಲ್ಲಿ ಯಾರೋ ಗಂಡ ಎಲ್ಲಿ ಅಂದ್ರು. ಬಿಟ್ಟು ಹೋದ ಅನ್ನೋಕೆ ಬಾಯಿ ಬರಲಿಲ್ಲ, ಸತ್ತೋದ್ರು ಅಂದ್ಬಿಟ್ಟೆ." ಕನ್ನಡಕವನ್ನು ಸೆರಗಿನಿಂದ ಒರೆಸಿದಳು. "ಬಿಟ್ಟು ಹೋದ ಗಂಡನ ಹೆಸರನ್ನ ಯಾರು ಓದ್ತಾರೆ ಹೇಳು? ಸತ್ತೋರದ್ದಾದ್ರೆ ವರ್ಷಕ್ಕೊಂದು ಸಲನಾದ್ರೂ ಓದ್ತಾರೆ. ಓದಿದಾಗೆಲ್ಲ ಎದೆ ಹೊಡ್ಕೊಳ್ತಿತ್ತು, ಎಲ್ಲಿ ನಾನೇ ಕೊಂದುಬಿಡ್ತೀನೋ ಅಂತ. ಆದ್ರೂ ಆ ಹೆಸರು ಕೇಳ್ಬೇಕು ಅನ್ಸೋದು."

ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಎತ್ತಿಕೊಂಡಳು. "ಮೂವತ್ತು, ಗುರುವಾರ. ಹಾಗಾದ್ರೆ ನಾಳೆನೇ ಏಳನೇ ದಿನ." ನಮ್ಮಲ್ಲಿ ಸತ್ತ ಏಳನೇ ದಿನ ಅವರ ಆತ್ಮಕ್ಕಾಗಿ ಪೂಜೆ ಮಾಡಿಸುವುದು ವಾಡಿಕೆ. ಅಮ್ಮ ಎದ್ದು ಮುಖ ತೊಳೆದುಕೊಂಡು, ಬಿಳಿ ಸೀರೆ ಉಟ್ಟು, ಒಬ್ಬಳೇ ಫಾದರ್ ಬಳಿಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಬಂದಳು. ಏನೆಂದು ಓದುತ್ತಾರೆ ಎಂದು ಕೇಳಿದೆ. "ಇದ್ದಿದ್ದನ್ನ ಓದ್ತಾರೆ," ಎಂದಳು.

ಬುಧವಾರ ಬೆಳಿಗ್ಗೆ ಆರು ಗಂಟೆಯ ಪೂಜೆ. "ಅಕ್ಟೋಬರ್ ಮೂವತ್ತರಂದು ದಾವಣಗೆರೆಯಲ್ಲಿ ಮೃತರಾದ, ಲೂರ್ದಮ್ಮನವರ ಪತಿ ಇನ್ನಾಸಪ್ಪನವರ ಏಳನೇ ದಿನದ ಬಲಿಪೂಜೆ" ಎಂದು ಓದಿದರು. ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಚೌರಪ್ಪ ಒಬ್ಬನೇ ತಲೆ ತಗ್ಗಿಸಿ ಕೂತಿದ್ದ. ಅಮ್ಮ ಎದ್ದು ನಿಂತಳು. ನಿಲ್ಲಬೇಕೆಂಬ ನಿಯಮವಿಲ್ಲ, ಆದರೂ ನಿಂತಳು. ಹೊರಗೆ ಬಂದಾಗ ಯಾರೂ ಮಾತಾಡಿಸಲಿಲ್ಲ.

ತಪ್ಪಿದ ಹೆಸರಿನ ಬಗ್ಗೆ ಫಾದರನ್ನು ಕೇಳಿದೆ. ಹದಿನೆಂಟು ವರ್ಷದ ಪ್ರಾರ್ಥನೆ ಎಲ್ಲೂ ಹೋಗಿಲ್ಲ, ದೇವರು ಅದನ್ನೆಲ್ಲ ಅವರಿಗಾಗಿ ಇಟ್ಟಿರುತ್ತಾನೆ ಎಂದರು. ಹಾಗೇ ಇರಲಿ ಎಂದು ಬೇಡಿಕೊಳ್ಳುತ್ತೇನೆ. ನನ್ನ ಭಯ ಮಾತ್ರ ಹೋಗಿಲ್ಲ. ನೀವು ಅವರ ತಲೆಯ ಬಳಿ ಕೂತು ಆ ಸಾಲು ಓದಿದಿರಲ್ಲ, ಅದನ್ನು ನೆನೆದಾಗ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ. ನೀವು ಮಾಡಬಾರದ್ದನ್ನೇನೂ ಮಾಡಿಲ್ಲ. ನಾನು ಮಾಡಬೇಕಾಗಿದ್ದನ್ನು ಮಾಡಿದ್ದೀರಿ. ಮುಂದಿನ ತಿಂಗಳು ಅಮ್ಮನೂ ನಾನೂ ಬರುತ್ತೇವೆ. ಸಮಾಧಿ ತೋರಿಸಿ.

ನಿನ್ನೆ ಕುರುಬರಹಳ್ಳಿಯಲ್ಲಿ ನಮ್ಮವರ ಪೈಕಿ ಒಬ್ಬ ಮುದುಕಿ ತೀರಿಕೊಂಡರು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಅಮ್ಮ ಎಂದಿನಂತೆ ಸೀರೆ ಬದಲಾಯಿಸಿ, ಜಪಮಾಲೆ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ನಾಲ್ಕಾಯಿತು, ಐದಾಯಿತು. ಕರೆಯಲು ಯಾರೂ ಬರಲಿಲ್ಲ. ಅಲ್ಲಿ ಜಪಮಾಲೆಯನ್ನು ಬೇರೆ ಯಾರೋ ಹೇಳಿಸುತ್ತಿದ್ದಾರೆಂದು ಆಮೇಲೆ ತಿಳಿಯಿತು. ಏಳು ಗಂಟೆಗೆ ಅವಳೇ ಎದ್ದಳು, ಕುರ್ಚಿ ಒಳಗಿಟ್ಟಳು, ಅಪ್ಪನ ಫೋಟೋದ ಮುಂದೆ ಮೇಣದ ಬತ್ತಿ ಹಚ್ಚಿದಳು.

"ಬಾರೇ, ಮೊಣಕಾಲೂರು," ಎಂದಳು. "ನಮ್ದೂ ಸಾವಿನ ಮನೆನೇ ಅಲ್ವಾ."

ಜಪಮಾಲೆಯ ಐವತ್ತಮೂರು ಮಣಿಗಳನ್ನೂ ನಾವಿಬ್ಬರೇ ಹೇಳಿ ಮುಗಿಸಿದೆವು.

ಇಂತಿ
ಇನ್ನಾಸಪ್ಪನವರ ಮಗಳು
ಜಸಿಂತಾ